ಮಿರೆಲ್ಲಾ ಹೊಳೆಗೆ ಇಳಿದ ಸಂಜೆ

ಆಟ ಶುರುವಾಗಲು ಇನ್ನು ಅರ್ಧ ಗಂಟೆ ಇದೆ ಎನ್ನುವಾಗ ಗೆಳತಿಯ ಸಂದೇಶ ಬಂತು: ‘ಕಚೇರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಇವತ್ತು ಬರಲಾಗುವುದಿಲ್ಲ. ಮಿರೆಲ್ಲಾಳನ್ನು ನೀವೇ ನೋಡಿಕೊಳ್ಳಿ.’ ಆಗಲಿ ಎಂದು ಬರೆದು ಕಳಿಸಿದೆ. ನಾವು ಅವಳನ್ನು ಎಷ್ಟು ಚೆನ್ನಾಗಿ ನೋಡಿಕೊಂಡೆವೆಂದರೆ, ರಾತ್ರಿ ಹತ್ತಾಗುವಷ್ಟರಲ್ಲಿ ಮಿರೆಲ್ಲಾ ಸತ್ತಿದ್ದಳು.

ಮಿರೆಲ್ಲಾ ಕಾಗದದ ಮೇಲಿನ ಜೀವ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಆ ಗೆಳತಿ ಆಡುವ ಪಾತ್ರ. ಗಾಯ ಮಾಯಿಸುವ ಕ್ಲೆರಿಕ್, ಮೂರನೇ ಲೆವೆಲ್, 21 ಹಿಟ್ ಪಾಯಿಂಟ್, ಅಂದರೆ ಪೆಟ್ಟು ತಡೆಯುವ ಶಕ್ತಿ ಅಷ್ಟು. ಆಟಗಾರರು ಐವರು. ಕಥೆ ನಡೆಸುವ, ಶತ್ರುಗಳನ್ನೆಲ್ಲ ಆಡಿಸುವ ಡಂಜನ್ ಮಾಸ್ಟರ್ ನಾನು. ಹಾಗಾಗಿ ಯಾರು ಬಾರದಿದ್ದರೂ ಅದು ನನ್ನ ತಲೆನೋವು.

ಒಮ್ಮೆ ಬೇಸರಕ್ಕೆ ಲೆಕ್ಕ ಹಾಕಿ ನೋಡಿದ್ದೆ. ಪ್ರತಿಯೊಬ್ಬರೂ ಐದು ವಾರದಲ್ಲಿ ನಾಲ್ಕು ವಾರ ತಪ್ಪದೆ ಬರುತ್ತಾರೆ ಎಂದುಕೊಂಡರೂ, ಐವರೂ ಒಟ್ಟಿಗೆ ಸೇರುವುದು ಮೂರು ವಾರಕ್ಕೊಮ್ಮೆಯೂ ಕಷ್ಟ. ಎಲ್ಲರೂ ಬಂದರೆ ಮಾತ್ರ ಆಟ ಎಂದು ಹಟ ಹಿಡಿದ ಕಾಲದಲ್ಲಿ ನಾವು ಮೂರು ತಿಂಗಳಲ್ಲಿ ಆಡಿದ್ದು ಎರಡೇ ಸಲ. ಮೂರನೆಯ ಸಲ ಸೇರಿದಾಗ ಯಾವ ಗುಹೆಯಲ್ಲಿ ಯಾಕೆ ನಿಂತಿದ್ದೇವೆ ಎಂಬುದೇ ಯಾರಿಗೂ ನೆನಪಿರಲಿಲ್ಲ. 1974ರಲ್ಲಿ ಈ ಆಟ ಮೊದಲು ಅಚ್ಚಾದಾಗ, ಒಂದೇ ಕ್ಯಾಂಪೇನಿನಲ್ಲಿ, ಅಂದರೆ ಹಲವು ದಿನ ಮುಂದುವರಿಯುವ ಒಂದು ಕಥೆಯಲ್ಲಿ, ನಾಲ್ಕರಿಂದ ಐವತ್ತು ಜನ ಆಡಬಹುದು ಎಂದು ಅದರ ನಿಯಮದಲ್ಲೇ ಬರೆದಿತ್ತು. ಐವತ್ತು ಜನರಿದ್ದಲ್ಲಿ ಯಾರು ಬಂದರು, ಯಾರು ಬಿಟ್ಟರು ಎಂದು ಯಾರು ಕೇಳುತ್ತಾರೆ? ಬಂದವರನ್ನು ಕಟ್ಟಿಕೊಂಡು ಹೊರಡುವುದು. ಪ್ರತಿ ವಾರವೂ ಅದೇ ಐವರು, ಅದೇ ಒಂದು ಉದ್ದದ ಕಥೆ ಎಂಬ ಪಟ್ಟು ನಮ್ಮಂಥವರು ಆಮೇಲೆ ಹಚ್ಚಿಕೊಂಡದ್ದು.

ಬಾರದವರ ಪಾತ್ರಕ್ಕೆ ಜ್ವರ ಬರಿಸಿದ್ದಾಯಿತು. ಕುದುರೆ ಕಾಯಲು ಬಿಟ್ಟದ್ದಾಯಿತು. ಆದರೆ ಹಿಂದಿನ ವಾರದ ಆಟ ಸುರಂಗದ ನಡುವೆ ನಿಂತಿದ್ದರೆ ಕುದುರೆ ಎಲ್ಲಿಂದ ತರುವುದು? ಪಾತ್ರ ನೆರಳಿನಂತೆ ಹಿಂದೆ ಬರುತ್ತದೆ, ಹೊಡೆಯುವುದೂ ಇಲ್ಲ, ಏಟು ತಿನ್ನುವುದೂ ಇಲ್ಲ ಎಂದು ಕೆಲವು ವಾರ ಆಡಿದೆವು. ಗೆಳೆಯರು ರಕ್ತ ಸುರಿಸುತ್ತಿರುವಾಗ ಮಾಂತ್ರಿಕನೊಬ್ಬ ಮೂರು ಅಡಿ ದೂರದಲ್ಲಿ ಕೈಕಟ್ಟಿ ನಿಂತಿರುವ ದೃಶ್ಯವನ್ನು ಗಂಭೀರವಾಗಿ ವರ್ಣಿಸುವುದು ನನ್ನಿಂದ ಆಗಲಿಲ್ಲ. ಕೊನೆಗೆ ಉಳಿದದ್ದು ಎಲ್ಲರಿಗೂ ಸಲೀಸಾದ ದಾರಿ: ಬಂದವರಲ್ಲಿ ಒಬ್ಬರು ಬಾರದವರ ಪಾತ್ರವನ್ನೂ ಆಡಿಸುವುದು.

ಆ ಸಂಜೆ ಮಿರೆಲ್ಲಾಳ ವಿವರವೆಲ್ಲ ಬರೆದಿಟ್ಟ ಹಾಳೆಯನ್ನು ಕಡತದಿಂದ ತೆಗೆದು ಬೋರಿಕ್‌ನನ್ನು ಆಡುವ ಗೆಳೆಯನಿಗೆ ಕೊಟ್ಟೆ. ಬೋರಿಕ್ ಕತ್ತಿಯ ಆಸಾಮಿ. ಅವನನ್ನು ಆಡುವ ಗೆಳೆಯನೂ ಸುಮಾರಾಗಿ ಹಾಗೆಯೇ. ಹಾಳೆಯ ಮೊದಲ ಪುಟದಲ್ಲಿ ಹಿಟ್ ಪಾಯಿಂಟ್ ಬರೆಯುವ ಚೌಕ ಅಳಿಸಿ ಅಳಿಸಿ ಬೂದಿಬಣ್ಣಕ್ಕೆ ತಿರುಗಿತ್ತು. ಇನ್ನೊಮ್ಮೆ ರಬ್ಬರ್ ಒತ್ತಿದರೆ ತೂತು ಬೀಳುವಂತಿತ್ತು. ಅವನು ಆ ಪುಟವನ್ನಷ್ಟೇ ನೋಡಿ, ‘ಗದೆ ಇದೆ, ಸಾಕು’ ಎಂದ. ಒಳಗೆ ಇನ್ನೆರಡು ಪುಟಗಳಿದ್ದವು.

ದಾರಿಗೆ ಅಡ್ಡವಾಗಿ ಒಂದು ಹೊಳೆ. ಅದನ್ನು ಬರೆದವನು ನಾನೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಇಬ್ಬರು ಸೇತುವೆ ಹುಡುಕೋಣ ಎಂದರು, ಇಬ್ಬರು ಹಗ್ಗ ಕಟ್ಟಿ ದಾಟೋಣ ಎಂದರು. ‘ಮಿರೆಲ್ಲಾಳೂ ನಮ್ಮ ಕಡೆಗೇ’ ಎಂದು ಬೋರಿಕ್ ಅವಳ ಮತವನ್ನೂ ತಾನೇ ಹಾಕಿದ. ಯಾರೂ ತಕರಾರು ಮಾಡಲಿಲ್ಲ. ನಟ್ಟನಡುವೆ ನೀರಹಾವು ಎದ್ದಿತು. ಬೋರಿಕ್‌ಗೆ ದೊಡ್ಡ ಪೆಟ್ಟು ಬಿದ್ದಾಗಲೂ ಮಿರೆಲ್ಲಾ ಗದೆ ಬೀಸುತ್ತಲೇ ಇದ್ದಳು. ಆಮೇಲೆ ಎರಡು ಕಡಿತಕ್ಕೆ ಅವಳೇ ಬಿದ್ದಳು, ಸೆಳವು ಎಳೆದುಕೊಂಡು ಹೋಯಿತು.

ಬಿದ್ದ ಪಾತ್ರ ತನ್ನ ಸರದಿ ಬಂದಾಗಲೆಲ್ಲ 20 ಮುಖದ ದಾಳ ಉರುಳಿಸಬೇಕು. ಹತ್ತು ಅಥವಾ ಮೇಲೆ ಬಿದ್ದರೆ ಗೆಲುವು, ಕೆಳಗಾದರೆ ಸೋಲು. ಮೂರು ಸೋಲಾದರೆ ಸಾವು. ದಾಳದಲ್ಲಿ ಒಂದು ಬಿದ್ದರೆ ಅದು ಎರಡು ಸೋಲಿಗೆ ಸಮ. ಮೊದಲು 12 ಬಿತ್ತು. ನಂತರ 7. ಮೂರನೆಯ ಸಲ ದಾಳ ಮೇಜಿನ ಅಂಚಿನವರೆಗೂ ಹೋಗಿ, ಒಂದು ಗಿರಕಿ ಹೊಡೆದು ನಿಂತಿತು. ಒಂದು. ಗೆಳೆಯ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಬೆರಳ ತುದಿಯಿಂದ ನನ್ನ ಕಡೆಗೆ ತಳ್ಳಿದ.

ಸುಮ್ಮನೆ ಅಳಿಸಿಬಿಡೋಣ, ಗೆಳತಿಗೆ ಹೇಳುವುದೇ ಬೇಡ ಎಂದವರಿದ್ದರು. ನನಗೂ ಆಸೆಯಾಗದೆ ಇರಲಿಲ್ಲ. ಆದರೂ ರಾತ್ರಿ ಫೋನ್ ಮಾಡಿ ಹೇಳಿದೆ. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಸ್ವಲ್ಪ ಹೊತ್ತು ಏನೂ ಹೇಳದೆ, ಆಮೇಲೆ ಕೇಳಿದಳು: ‘ಅವಳನ್ನು ನೀರಿಗೆ ಇಳಿಸಿದವರು ಯಾರು?’

ಫೋನ್ ಹಿಡಿದುಕೊಂಡೇ ಎರಡನೇ ಪುಟ ತಿರುವಿದೆ. ಪೆನ್ಸಿಲ್‌ನಲ್ಲಿ, ಗುಂಡಗಿನ ಅಕ್ಷರದಲ್ಲಿ ಬರೆದಿತ್ತು: ‘ತಮ್ಮ ಹೊಳೆಯಲ್ಲಿ ಹೋದ. ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿಯುವುದಿಲ್ಲ. ಏನಾದರೂ ಸರಿ.’ ಅದನ್ನು ನಾನು ಮೊದಲ ದಿನ ಓದಿದ್ದೆ. ಚೆನ್ನಾಗಿದೆ ಎಂದು ಹೊಗಳಿದ್ದೆ ಕೂಡ. ಬೋರಿಕ್‌ನ ಗೆಳೆಯನನ್ನು ದೂರಿ ಪ್ರಯೋಜನವಿಲ್ಲ. ಅವನಿಗೆ ಹಾಳೆ ಕೊಟ್ಟದ್ದು ಗದೆ ಬೀಸಲು, ಅವನು ಬೀಸಿದ. ಇಳಿಯುವುದೋ ಬಿಡುವುದೋ ಎಂಬ ಮಾತು ಬಂದಾಗ ಆಟವನ್ನು ಅಲ್ಲೇ ನಿಲ್ಲಿಸಿ ಅವಳಿಗೊಂದು ಸಂದೇಶ ಕಳಿಸಿದ್ದರೆ ಸಾಕಿತ್ತು. ಉತ್ತರ ಬರುವವರೆಗೆ ಬೇಕಾದರೆ ಆ ನಾಲ್ವರು ದಂಡೆಯಲ್ಲಿ ಕುಳಿತು ಜಗಳವಾಡಲಿ, ಅದು ಅವರಿಗೆ ಚೆನ್ನಾಗಿಯೇ ಬರುತ್ತದೆ.

ಮುಂದಿನ ವಾರ ಅವಳು ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದಳು. ಸಾವನ್ನು ವಾಪಸು ಪಡೆಯುತ್ತೇನೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದಳು.

‘ಅವಳು ಎಷ್ಟು ಸಲ ಮಂತ್ರ ಹಾಕಿದಳು?’

ಬೋರಿಕ್‌ನ ಗೆಳೆಯ ತಲೆ ಕೆರೆದುಕೊಂಡ. ‘ಒಂದೂ ಇಲ್ಲ. ಮಂತ್ರ ಎಲ್ಲಿ ಬರೆದಿದೆ ಅಂತಲೇ ನಾನು ನೋಡಲಿಲ್ಲ.’

‘ಬೋರಿಕ್ ಸಾಯುವಂತಿದ್ದಾಗಲೂ?’

‘ಇಲ್ಲ.’

‘ಹೆಣ ಕಂಡವರು ಯಾರಾದರೂ ಇದ್ದೀರಾ?’

ಯಾರೂ ಇರಲಿಲ್ಲ. ಸೆಳವು ಕೊಂಡೊಯ್ದಿತ್ತು.

‘ಮಂತ್ರ ಬರುವುದಿಲ್ಲ, ನೀರಿಗೆ ಹೆದರುವುದಿಲ್ಲ. ಅದು ಮಿರೆಲ್ಲಾ ಹೇಗಾಗುತ್ತದೆ?’ ಎಂದು ನನ್ನ ಕಡೆ ತಿರುಗಿದಳು. ‘ನೀನೇ ಹೇಳು, ಅದು ಯಾವ ಪ್ರಾಣಿ?’

ಈ ಆಟದಲ್ಲಿ ಡಾಪಲ್‌ಗ್ಯಾಂಗರ್ ಎಂಬ ಜೀವಿಯಿದೆ. ಯಾರ ರೂಪವನ್ನಾದರೂ ಧರಿಸುತ್ತದೆ, ಆದರೆ ಅವರ ಮಂತ್ರವಿದ್ಯೆ ಅದಕ್ಕೆ ದಕ್ಕುವುದಿಲ್ಲ. ಸತ್ತರೆ ನಿಜರೂಪಕ್ಕೆ ಮರಳುತ್ತದೆ. ನಮ್ಮ ಉದಾಸೀನದ ಒಂದೊಂದು ತುಣುಕನ್ನೂ ಹೆಕ್ಕಿ ಅವಳು ಸಾಕ್ಷಿ ಮಾಡಿಟ್ಟಿದ್ದಳು. ಹೌದು ಎನ್ನದೆ ನನಗೆ ಬೇರೆ ದಾರಿಯೇ ಇರಲಿಲ್ಲ. ನಾನು ತಯಾರು ಮಾಡಿಕೊಂಡಿದ್ದ ಇಡೀ ಸೆಷನ್ ಮೂಲೆ ಸೇರಿತು. ನಿಜವಾದ ಮಿರೆಲ್ಲಾಳನ್ನು ಯಾರು, ಯಾವಾಗ, ಎಲ್ಲಿ ಬಚ್ಚಿಟ್ಟರು ಎಂಬ ಹುಡುಕಾಟ ಶುರುವಾಯಿತು. ಅವಳು ಸಿಗಲು ನಾಲ್ಕು ವಾರ ಹಿಡಿಯಿತು. ಅಷ್ಟು ದಿನವೂ ಗೆಳತಿ ನಾವು ದಾರಿಯಲ್ಲಿ ಸೇರಿಸಿಕೊಂಡ ಮುದಿ ಬೇಟೆಗಾರನೊಬ್ಬನನ್ನು ಆಡಿದಳು.

ಈಗಲೂ ಯಾರಾದರೂ ತಪ್ಪಿಸಿಕೊಳ್ಳುತ್ತಲೇ ಇರುತ್ತಾರೆ. ಅವರ ಹಾಳೆ ಬೇರೆಯವರ ಕೈಗೆ ಹೋಗುತ್ತಲೇ ಇರುತ್ತದೆ. ಹಾಗಾದಾಗಲೆಲ್ಲ ಬೋರಿಕ್ ಆ ಪಾತ್ರದ ಮುಂದೆ ಒಂದು ಬಟ್ಟಲು ನೀರು ತಂದಿಟ್ಟು, ಕತ್ತಿಯ ಹಿಡಿಯ ಮೇಲೆ ಕೈಯಿಟ್ಟುಕೊಂಡು ಹೇಳುತ್ತಾನೆ: ‘ಕಾಲು ಅದ್ದು, ನೋಡೋಣ.’