ಬಲಗೈಗೆ ಬಂದ ಗೇರ್

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕೂತ ಮೊದಲ ದಿನ ನನ್ನ ಎಡಗೈ ನಾಲ್ಕು ಸಲ ಬಾಗಿಲಿಗೆ ಬಡಿಯಿತು. ಕೈ ಗೇರ್ ಹುಡುಕುತ್ತಿತ್ತು. ಗೇರ್ ಬಲಗಡೆ ಇತ್ತು. ಇದು ಜರ್ಮನಿ, ಊರು ಸ್ಟುಟ್‌ಗಾರ್ಟ್. ಇಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಸ್ಟೇರಿಂಗ್ ಎಡಕ್ಕಿರುತ್ತದೆ.

ಕಾಲಿಗೆ ಏನೂ ತೊಂದರೆ ಇಲ್ಲ. ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಊರಲ್ಲಿದ್ದ ಸಾಲಿನಲ್ಲೇ ಇವೆ. ಕಷ್ಟವೆಲ್ಲ ಕೈಗೆ. ಗೇರಿನ ನಕ್ಷೆ ಎರಡೂ ಕಡೆ ಒಂದೇ, ಮೊದಲನೇ ಗೇರ್ ಎಡಕ್ಕೆ, ಮುಂದಕ್ಕೆ. ಆದರೆ ಊರಲ್ಲಿ ಅದಕ್ಕೆ ಗೇರನ್ನು ಮೈಯಿಂದ ಆಚೆ ತಳ್ಳುತ್ತಿದ್ದೆ, ಇಲ್ಲಿ ನನ್ನ ಕಡೆಗೇ ಎಳೆದುಕೊಳ್ಳಬೇಕು. ಇಂಡಿಕೇಟರ್ ಕಡ್ಡಿಯೂ ಎಡಗಡೆ. ಊರಿನ ಅಭ್ಯಾಸದಲ್ಲಿ ಬಲಗಡೆಯ ಕಡ್ಡಿ ಮುಟ್ಟಿದರೆ ಬಿಸಿಲಲ್ಲೇ ವೈಪರ್ ಓಡುತ್ತದೆ.

ನಮ್ಮ ದೇಶದ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ 6 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಪ್ರಥಮ ಚಿಕಿತ್ಸೆಯ ತರಗತಿ, ಕಣ್ಣಿನ ಪರೀಕ್ಷೆ, ಬರಹದ ಪರೀಕ್ಷೆ, ಕಾರು ಓಡಿಸುವ ಪರೀಕ್ಷೆ, ಎಲ್ಲ ಆಗಬೇಕು. ಮೊದಲೆಲ್ಲ ಆಟೋಮ್ಯಾಟಿಕ್ ಕಾರಿನಲ್ಲಿ ಪಾಸಾದವರು ಆಟೋಮ್ಯಾಟಿಕ್ ಮಾತ್ರ ಓಡಿಸಬಹುದಿತ್ತು. 2021ರ ಏಪ್ರಿಲ್‌ನಿಂದ ಇನ್ನೊಂದು ದಾರಿ ತೆರೆದಿದೆ. ಗೇರಿನ ಗಾಡಿಯಲ್ಲಿ ಕನಿಷ್ಠ 10 ಪಾಠ ಮುಗಿಸಿ, ಸ್ಕೂಲಿನವರ ಮುಂದೆ ಓಡಿಸಿ ತೋರಿಸಿದರೆ, ದೊಡ್ಡ ಪರೀಕ್ಷೆಯನ್ನು ಆಟೋಮ್ಯಾಟಿಕ್‌ನಲ್ಲೇ ಕೊಟ್ಟು ಎರಡೂ ಬಗೆಯ ಗಾಡಿ ಓಡಿಸಬಹುದು. ಗೆಳತಿಯರೆಲ್ಲ ಅದನ್ನೇ ಮಾಡು ಅಂದರು. ನಾನು ಒಪ್ಪಲಿಲ್ಲ. ಪರೀಕ್ಷೆಯನ್ನೂ ಗೇರಿನ ಗಾಡಿಯಲ್ಲೇ ಕೊಡುತ್ತೇನೆ ಅಂದೆ.

ಅದಕ್ಕೆ ಕಾರಣ ಅಪ್ಪ. ನಮ್ಮದು ತೀರ್ಥಹಳ್ಳಿ ಕಡೆ. ಅಪ್ಪನ ಹತ್ತಿರ ನಾಲ್ಕು ಗೇರಿನ ಓಮ್ನಿ ಇತ್ತು. ಗದ್ದೆ ಪಕ್ಕದ ಮಣ್ಣುರಸ್ತೆಯಲ್ಲಿ ಹಾಫ್ ಕ್ಲಚ್ ಕಲಿಸಿದರು. ಸ್ವಲ್ಪ ಕೈ ಕುದುರಿದ ಮೇಲೆ ಒಂದು ಬೆಳಿಗ್ಗೆ ಆಗುಂಬೆಗೆ ಕರೆದುಕೊಂಡು ಹೋದರು. ಆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳಿವೆ. ಸೋಮೇಶ್ವರದ ಕಡೆ ಇಳಿಯುವ ಮೊದಲು ಗಾಡಿ ನಿಲ್ಲಿಸಿ ಹೇಳಿದರು: "ನೋಡು ಪುಟ್ಟಿ, ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳೀಬೇಕು. ಬ್ರೇಕ್ ನಂಬ್ಕೊಂಡು ಘಾಟಿ ಇಳೀಬಾರ್ದು."

ಘಾಟಿಯ ಡ್ರೈವರುಗಳಿಗೆಲ್ಲ ಗೊತ್ತಿರುವ ಮಾತು ಇದು. ಸುಮ್ನೆ ಹೇಳಿದ್ದಲ್ಲ. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇದ್ದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎರಡನೇ ಗೇರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ನೇ ಗಾಡಿಯ ವೇಗ ಹಿಡಿದಿಡುತ್ತದೆ. ಪೆಟ್ರೋಲ್ ಉಳಿಯುತ್ತದೆ ಅಂತ ನ್ಯೂಟ್ರಲ್ ಮಾಡಿ ಇಳಿಯುವವರು ಊರಲ್ಲಿ ಈಗಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರ್ ಹಾಕಿಕೊಂಡೇ ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಮಾತ್ರ ಎಂಜಿನ್ ಆರದ ಹಾಗೆ ಸ್ವಲ್ಪ ಸುಡುತ್ತಲೇ ಇರಬೇಕು. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ.

ಇಲ್ಲಿಯ ಬರಹದ ಪರೀಕ್ಷೆಗೆ ಓದುವಾಗ ಉದ್ದದ ಇಳಿಜಾರಿನ ಪ್ರಶ್ನೆ ಬಂತು. ಉತ್ತರ: ಚಿಕ್ಕ ಗೇರ್ ಹಾಕಿ, ಎಂಜಿನ್ನಿನಿಂದಲೇ ವೇಗ ತಡೆಯಿರಿ. ಅಪ್ಪನ ಮಾತು ಪರೀಕ್ಷೆಯ ಪ್ರಶ್ನೆಯಾಗಿ ಎದುರು ಬಂದು ಕೂತಿತ್ತು. ಆ ರಾತ್ರಿ ಊರಿಗೆ ಫೋನ್ ಮಾಡಿ ಓದಿ ಹೇಳಿದೆ. "ಅವರಿಗೂ ಗೊತ್ತಲ್ವಾ ಹಾಗಾದ್ರೆ" ಅಂದರು ಅಪ್ಪ.

ಪರೀಕ್ಷೆಯ ದಾರಿ ಸುಲಭವಿರಲಿಲ್ಲ. ಸ್ಟುಟ್‌ಗಾರ್ಟಿನ ನಡುವಿನ ಭಾಗ ಬಟ್ಟಲಿನ ತಳದಲ್ಲಿದ್ದ ಹಾಗೆ. ಸುತ್ತ ಗುಡ್ಡ, ಊರೊಳಗೇ ದ್ರಾಕ್ಷಿ ತೋಟ. ನೊಯೆ ವೈನ್‌ಸ್ಟೈಗೆ ಎಂಬ ರಸ್ತೆ ಕೆಳಗಿನ ಪೇಟೆಯಿಂದ ಡೆಗರ್‌ಲೋಖ್‌ವರೆಗೆ ಏರುತ್ತಲೇ ಹೋಗುತ್ತದೆ. ಒಂದು ಸಂಜೆ ಆ ಕಡೆಯ ಏರಿನಲ್ಲಿ ಸಿಗ್ನಲ್ ಬಿತ್ತು. ಹಸಿರಾಯಿತು, ಗಾಡಿ ಆಫ್. ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಆಫ್. ಹಿಂದಿನವನು ಹಾರ್ನ್ ಹೊಡೆದ. ನನಗೆ ಕೈ ನಡುಗಲು ಶುರುವಾಯಿತು. ಹೀಗೆ ಗಾಡಿ ಆಫ್ ಆಗುವುದಕ್ಕೆ ಜರ್ಮನ್ನರು ಬಳಸುವ ಪದಕ್ಕೆ ಕತ್ತು ಹಿಸುಕುವುದು ಎಂಬ ಅರ್ಥ ಇದೆ. ನನಗೂ ಹಾಗೇ ಅನ್ನಿಸಿತು, ಎಂಜಿನ್ನಿನ ಕತ್ತು ಹಿಸುಕಿದೆ ಅಂತ.

ಕಲಿಸುತ್ತಿದ್ದ ಮಹಿಳೆ ಬೈಯಲಿಲ್ಲ. ಎಂಜಿನ್ ಸದ್ದು ಕೇಳಲಿ ಅಂತ ಫ್ಯಾನ್ ನಿಲ್ಲಿಸಿದರು. "ಹ್ಯಾಂಡ್ ಬ್ರೇಕ್ ಎಳೆಯಿರಿ. ಈಗ ಶ್ಲೈಫ್‌ಪುಂಕ್ಟ್ ಹುಡುಕಿ" ಅಂದರು. ಕ್ಲಚ್ ಹಿಡಿಯಲು ಶುರುವಾಗುವ ಜಾಗಕ್ಕೆ ಆ ಹೆಸರು. ನಮ್ಮ ಹಾಫ್ ಕ್ಲಚ್ಚೇ ಅದು! ಕ್ಲಚ್ ನಿಧಾನ ಬಿಟ್ಟೆ. ಎಂಜಿನ್ ಸದ್ದು ತುಸು ತಗ್ಗಿತು, ಗಾಡಿಯ ಮೂತಿ ಒಂದಿಷ್ಟು ಎದ್ದಿತು. ಮಣ್ಣುರಸ್ತೆಯ ಓಮ್ನಿಯೂ ಹೀಗೇ ಮಾಡುತ್ತಿತ್ತು. ಹ್ಯಾಂಡ್ ಬ್ರೇಕ್ ಇಳಿಸಿದೆ. ಗಾಡಿ ಹಿಂದಕ್ಕೆ ಒಂದು ಗೇಣೂ ಜಾರದೆ ಮೇಲೆ ಹೊರಟಿತು. ಆ ಖುಷಿ ಏನು ಅಂತ ಹೇಳಲಿ!

55 ನಿಮಿಷದ ಪರೀಕ್ಷೆ ಮೊದಲ ಸಲವೇ ಪಾಸಾಯಿತು. ಈಗ ನನ್ನದೊಂದು ಹಳೆಯ ಗಾಲ್ಫ್ ಕಾರು ಇದೆ, ಗೇರಿನದ್ದೇ.

ಬೇಜಾರಾಗುವ ದಿನಗಳೂ ಇವೆ. ಸಂಜೆ ಎ8 ಆಟೋಬಾನ್ ಹೆದ್ದಾರಿಯಲ್ಲಿ ಟ್ರಾಫಿಕ್ ಜಾಮ್ ಆದರೆ ಮುಕ್ಕಾಲು ಗಂಟೆ ಒಂದು, ನ್ಯೂಟ್ರಲ್, ಒಂದು, ಎರಡು, ಮತ್ತೆ ಒಂದು. ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಬೆಂಗಳೂರಿನಲ್ಲಿರುವ ತಂಗಿ ಸಿಲ್ಕ್ ಬೋರ್ಡ್ ದಾಟಲಾರದೆ ಆಟೋಮ್ಯಾಟಿಕ್ ತೆಗೆದುಕೊಂಡಳು. ಅವಳದು ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಅಂಥ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಅದೇ ಸರಿ. ಮುಂದೆ ಎಲೆಕ್ಟ್ರಿಕ್ ಕಾರುಗಳೇ ಜಾಸ್ತಿಯಾದರೆ ಕ್ಲಚ್ಚೇ ಇರುವುದಿಲ್ಲ. ಗಾಳಿಗೆ ಅದು ಒಳ್ಳೆಯದು. ಆದರೂ ನನಗೆ ಸಂಕಟವಾಗುತ್ತದೆ.

ಹೋದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಎಡ ಮಂಡಿ ಸವೆದು ಈಗ ಅವರಿಗೆ ಕ್ಲಚ್ ಒತ್ತಲು ಆಗುವುದಿಲ್ಲ. ಊರಲ್ಲಿ ಗಾಡಿ ಬಿಡುವುದು ನಿಲ್ಲಿಸಿ ಮೂರು ವರ್ಷವಾಯಿತು. ಅವರನ್ನು ಇಲ್ಲಿಯ ಬ್ಲ್ಯಾಕ್ ಫಾರೆಸ್ಟ್ ಎಂಬ ಕಾಡಿನ ಬೆಟ್ಟರಸ್ತೆಗೆ ಕರೆದುಕೊಂಡು ಹೋದೆ. ಇಳಿಯುವಾಗ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ನಾನು ಮೂರರಿಂದ ಎರಡಕ್ಕೆ ಬಂದೆ. ಎಂಜಿನ್ ಗುರುಗುಟ್ಟಿ ಗಾಡಿಯನ್ನು ಹಿಡಿಯಿತು. ಅಪ್ಪನ ಕಾಲು ಸಡಿಲವಾಯಿತು. ಏನೂ ಮಾತಾಡಲಿಲ್ಲ, ಕಿಟಕಿಯಿಂದ ಮರ ನೋಡತೊಡಗಿದರು.

ಕೆಳಗೆ ಹಳ್ಳಿಯ ಅಂಚಿನಲ್ಲಿ ಒಂದು ಖಾಲಿ ಪಾರ್ಕಿಂಗ್ ಜಾಗ ಇತ್ತು. ಅಲ್ಲಿ ನಿಲ್ಲಿಸಿದಾಗ ನೋಡಿದೆ, ಅಪ್ಪ ಕೂತಿದ್ದು ಬಲಗಡೆ. ಗೇರ್ ಅವರ ಎಡಗೈ ಪಕ್ಕದಲ್ಲೇ ಇದೆ, ಓಮ್ನಿಯಲ್ಲಿ ಇದ್ದ ಹಾಗೇ.

"ಅಪ್ಪ, ಗೇರ್ ನೀವು ಹಾಕಿ. ಕ್ಲಚ್ ನಾನು ಒತ್ತುತ್ತೇನೆ."

ಅವರು ನನ್ನ ಮುಖ ನೋಡಿದರು. ಎಡಗೈಯನ್ನು ಗೇರಿನ ಮೇಲಿಟ್ಟರು. ನಾನು ಕ್ಲಚ್ ಒತ್ತಿದೆ. ಅಪ್ಪ ಒಂದನ್ನು ಆಚೆ ತಳ್ಳಿ ಹಾಕಿದರು. ಗಾಡಿ ಹೊರಟಿತು. ಸದ್ದು ಕೇಳುತ್ತಲೇ, ನಾನು ಹೇಳುವ ಮೊದಲೇ, "ಒತ್ತು" ಅಂದರು. ಒತ್ತಿದೆ. ಎರಡು ಬಿತ್ತು.

ಆ ಖಾಲಿ ಜಾಗದಲ್ಲಿ ಹನ್ನೊಂದು ಸುತ್ತು ಹಾಕಿದೆವು. ಅಪ್ಪ ಒಂದು ಸಲವೂ ಗೇರ್ ತಪ್ಪಲಿಲ್ಲ.