ಧಾರವಾಡದಲ್ಲಿ ಬರೀ ‘ಮನಸೂರ’ ಅಂದರೆ ಸಾಲದು

ಧಾರವಾಡ ಸ್ಟೇಷನ್ ಎದುರು ಆಟೋ ಹತ್ತಿ ‘ಮನಸೂರ’ ಅಂದೆ. ‘ಹೂಂರೀ, ಕೂಡ್ರಿ’ ಅಂದ. ಹದಿನೈದು ನಿಮಿಷವಾದರೂ ಗಾಡಿ ನಿಲ್ಲಲಿಲ್ಲ. ಮನೆಗಳು ಮುಗಿದು ಹೊಲ ಶುರುವಾಯಿತು. ಅಪ್ಪ ಮೊಣಕೈಯಿಂದ ತಿವಿದರು. ಕೇಳಿದರೆ, ನಾವು ಮನಸೂರ ಊರಿಗೇ ಹೊರಟಿದ್ದೆವು!

ಅವನದೇನೂ ತಪ್ಪಿಲ್ಲ ಬಿಡಿ. 1910ರಲ್ಲಿ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರು ಹುಟ್ಟಿದ್ದು ಆ ಊರಲ್ಲೇ. ಆದರೆ ನಮಗೆ ಬೇಕಿದ್ದದ್ದು ಅವರು ಬಾಳಿದ ಮನೆ. ಅದಿರುವುದು ಧಾರವಾಡದೊಳಗೇ. ತಿರುಗಿ ಬರುವ ಹೊತ್ತಿಗೆ ₹400 ಕೈಬಿಟ್ಟಿತ್ತು. ನೀವು ಹೋದರೆ ‘ಮಲ್ಲಿಕಾರ್ಜುನ ಮನಸೂರ ಅವರ ಮನಿ, ಮೃತ್ಯುಂಜಯ’ ಅಂತ ಪೂರ್ತಿ ಹೇಳಿ. ಮನೆಯ ಹೆಸರೇ ಮೃತ್ಯುಂಜಯ.

ಈ ಪ್ರವಾಸ ಅಪ್ಪನ ಆಸೆ. ಅವರಿಗೆ ಎಪ್ಪತ್ತಾಯಿತು, ಮಂಡಿನೋವು, ಆದರೆ ಹಾಡುಗಾರರ ವಿಷಯಕ್ಕೆ ಬಂದರೆ ಹುಡುಗನೇ. ಭೀಮಸೇನ ಜೋಶಿಯವರಿಗೆ ಭಾರತರತ್ನ, ಗಂಗೂಬಾಯಿ ಹಾನಗಲ್ ಮತ್ತು ಮನಸೂರರಿಗೆ ಪದ್ಮವಿಭೂಷಣ. ಇಷ್ಟು ಹತ್ತಿರ ಹತ್ತಿರದ ಊರುಗಳಿಂದ ಇಷ್ಟು ಜನ! ಬೇರೆ ಕಡೆಯಾಗಿದ್ದರೆ ಗಾಜಿನ ದೊಡ್ಡ ಕಟ್ಟಡ ಕಟ್ಟಿ, ಎಲ್ಲರ ಫೋಟೋ ಹಾಕಿ, ಟಿಕೆಟ್ ಇಡುತ್ತಿದ್ದರು. ಇಲ್ಲಿ ಆ ಗೌರವವೆಲ್ಲ ಮನೆ, ವಾಡೆ, ಆಶ್ರಮ ಅಂತ ನಾಲ್ಕು ಊರುಗಳಲ್ಲಿ ಚದುರಿದೆ. ಕೆಲವು ಕಡೆ ಬಾಗಿಲು ತೆಗೆಯುವವರನ್ನು ನಾವೇ ಹುಡುಕಬೇಕು.

ಮೃತ್ಯುಂಜಯದಲ್ಲಿ ಬೀಗ ಇರಲಿಲ್ಲ, ಪುಣ್ಯ. ತಂಬೂರಿ, ಪ್ರಶಸ್ತಿಗಳು, ಹಳೆಯ ಫೋಟೋಗಳು. ಅರ್ಧ ಗಂಟೆಯಲ್ಲಿ ನೋಡಿ ಮುಗಿಸಬಹುದು. ಅಪ್ಪ ಎರಡು ಗಂಟೆ ಕೂತರು. ಮಂಜಿಖಾನ್, ಬುರ್ಜಿಖಾನ್ ಹತ್ತಿರ ಕಲಿತ ಜೈಪುರ್ ಘರಾಣೆಯ (ಗಾಯನ ಪರಂಪರೆಯ) ಕಷ್ಟದ ರಾಗಗಳನ್ನು ಈ ಮನುಷ್ಯ ಇಷ್ಟು ಸಾದಾ ಮನೆಯಲ್ಲಿ ಕೂತು ಹಾಡಿಕೊಳ್ಳುತ್ತಿದ್ದರಲ್ಲ ಅಂತ ನನಗೂ ಅನಿಸಿತು.

ಉಳಿಯುವ ವಿಷಯ. ಹುಬ್ಬಳ್ಳಿ ಸ್ಟೇಷನ್ ಹತ್ತಿರದ ಒಂದು ಲಾಡ್ಜ್‌ನಲ್ಲಿ ರಾತ್ರಿಗೆ ₹1,800 ಕಿತ್ತರು. ಬಿಸಿನೀರು ಬೆಳಿಗ್ಗೆ ಆರರಿಂದ ಏಳು, ಅದೂ ಉಗುರುಬೆಚ್ಚಗೆ. ಸ್ಟೇಷನ್ ಹತ್ತಿರ ಇದ್ದರೆ ಅಪ್ಪನಿಗೆ ನಡೆಯುವುದು ತಪ್ಪುತ್ತದೆ ಅಂದುಕೊಂಡಿದ್ದೆ. ಆದರೆ ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು. ನಮ್ಮ ಬೋಗಿ ಆ ತುದಿಯಲ್ಲಿ ನಿಂತಿತ್ತು. ವಯಸ್ಸಾದವರ ಜೊತೆ ಹೋಗುವವರು ಧಾರವಾಡದಲ್ಲೇ ರೂಮು ಮಾಡಿ. ಹುಬ್ಬಳ್ಳಿಗೆ ಓಡಾಡಲು ಚಿಗರಿ ಬಸ್ಸಿದೆ. ಅದಕ್ಕೆ ಬೇರೆಯೇ ದಾರಿ ಇರುವುದರಿಂದ ಟ್ರಾಫಿಕ್ಕಿನ ತಲೆನೋವಿಲ್ಲ. ಕಾಲೇಜು ಬಿಡುವ ಹೊತ್ತು ಮಾತ್ರ ಬೇಡ. ನನಗೆ ಜನಜಂಗುಳಿ ಆಗಲ್ಲ, ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿದೆ.

ಗದಗಕ್ಕೆ ರೈಲಿನಲ್ಲಿ ಹೋಗಿ. ನಾವು ಹೋಗಲಿಲ್ಲ. ಬಸ್‌ಸ್ಟ್ಯಾಂಡ್ ಹೊರಗೆ ಒಬ್ಬ ‘ಗದಗ, ಗದಗ, ಈಗ ಬಿಡ್ತೇವ್ರಿ’ ಅಂತ ಕೂಗುತ್ತಿದ್ದ. ಆ ಕ್ರೂಸರ್ ಜೀಪ್ ಹತ್ತಿದೆವು. ಅವನ ‘ಈಗ’ ಅಂದರೆ ಐವತ್ತು ನಿಮಿಷ. ಹಿಂದಿನ ಸೀಟಿನಲ್ಲಿ ಐದು ಜನ, ನನ್ನ ತೊಡೆ ಮೇಲೆ ಯಾರದೋ ಈರುಳ್ಳಿ ಚೀಲ, ಅಣ್ಣಿಗೇರಿ ತನಕ ಕಿವಿಗೆ ಸ್ಪೀಕರ್. ಸಂಗೀತಯಾತ್ರೆ ಅಲ್ವಾ, ಅನುಭವಿಸಬೇಕಾಯಿತು.

ಆದರೂ ಗದಗದ ವೀರೇಶ್ವರ ಪುಣ್ಯಾಶ್ರಮ ತಪ್ಪಿಸಬೇಡಿ. ಪಂಚಾಕ್ಷರಿ ಗವಾಯಿಗಳಿಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಕಣ್ಣಿಲ್ಲದ, ಬಡವರ ಮಕ್ಕಳಿಗೆ ಇಲ್ಲಿ ಊಟ ಹಾಕಿ, ಇರಲು ಜಾಗ ಕೊಟ್ಟು ಸಂಗೀತ ಕಲಿಸುತ್ತಾರೆ. ಹೆಸರಾಂತ ಗಾಯಕ ಬಸವರಾಜ ರಾಜಗುರು ಕೂಡ ಪಂಚಾಕ್ಷರಿ ಗವಾಯಿಗಳ ಶಿಷ್ಯರೇ. ಗದ್ದುಗೆಗೆ ಕೈಮುಗಿದು ಹಾಗೇ ಹೊರಟುಬಿಡಬೇಡಿ. ಒಂದು ಮೂಲೆಯಲ್ಲಿ ಸುಮ್ನೆ ಕೂತುಕೊಳ್ಳಿ. ಒಂದು ಕಡೆ ಹಾರ್ಮೋನಿಯಂ, ಇನ್ನೊಂದು ಕಡೆ ತಬಲ, ಯಾವುದಕ್ಕೂ ಯಾವುದೂ ಹೊಂದುವುದಿಲ್ಲ. ಗದ್ದಲ ಕಂಡರಾಗದ ನನಗೆ ಈ ಗದ್ದಲ ಹಿಡಿಸಿತು. ದಾಸೋಹದ ಊಟವಿದೆ. ಉಂಡವರು ಕಾಣಿಕೆ ಡಬ್ಬಿಯನ್ನೂ ನೋಡಿ.

ಕುಂದಗೋಳಕ್ಕೆ ಹುಬ್ಬಳ್ಳಿಯಿಂದ ಬಸ್ಸು ಜಾಸ್ತಿ ಇವೆ. ಆದರೂ ಪ್ಯಾಸೆಂಜರ್ ರೈಲಿಗೇ ಹೋಗಬೇಕೆಂದು ಅಪ್ಪನ ಹಟ. ಸವಾಯಿ ಗಂಧರ್ವರ ಹತ್ತಿರ ಪಾಠಕ್ಕೆ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲೇ ಬರುತ್ತಿದ್ದರು. ಪಾಠ ಮುಗಿದ ಮೇಲೆ, ಆಗಿನ್ನೂ ಹುಡುಗನಾಗಿದ್ದ ಭೀಮಸೇನ ಅವರನ್ನು ಸ್ಟೇಷನ್ನಿನ ತನಕ ಬಿಟ್ಟು ಬರುತ್ತಿದ್ದನಂತೆ. ಇಳಿದ ಮೇಲೆ ಅಪ್ಪ ಆಟೋ ಬೇಡ ಅಂದರು. ಮಂಡಿನೋವು ಮರೆತು ನಡೆದರು. ಗುರುವಿನ ಮನೆಗೆ ಭೀಮಸೇನ ನೀರು ಹೊತ್ತಿದ್ದು ಯಾವ ಬಾವಿಯಿಂದ ಅಂತ ದಾರಿಯುದ್ದಕ್ಕೂ ಸಿಕ್ಕವರನ್ನೆಲ್ಲ ಕೇಳಿದರು. ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸಿದರು.

ನಾವು ನೋಡಲು ಬಂದಿದ್ದು ನಾಡಿಗೇರ ವಾಡೆ, ಅಂದರೆ ನಾಡಿಗೇರ ಮನೆತನದ ಹಳೆಯ ದೊಡ್ಡ ಮನೆ. ಅದಕ್ಕೆ ಬೀಗ. ಫೋನ್ ಮಾಡದೆ ಬಂದದ್ದು ನನ್ನ ತಪ್ಪು. ಪಕ್ಕದ ಕಟ್ಟೆಯ ಮೇಲಿದ್ದ ಹಿರಿಯರು, ‘ಊಟ ಮಾಡ್ಕೊಂಡ್ ಬರ್ರಿ, ಅಷ್ಟರಾಗ ಕೀಲಿ ತರಸ್ತೀನಿ’ ಅಂದರು. ಖಾನಾವಳಿಯ ದಾರಿಯನ್ನೂ ಅವರೇ ಹೇಳಿದರು.

ಹೊರಗೆ ಬೋರ್ಡಿಲ್ಲ. ಒಳಗೆ ನಾಲ್ಕು ಮಣೆ, ಎರಡು ಬೆಂಚು. ಒಲೆಯ ಮುಂದೆ ಅಜ್ಜಿ ರೊಟ್ಟಿ ಬಡಿಯುತ್ತಿದ್ದರು. ಆ ಸದ್ದಿಗೇ ಹಸಿವು ಹೆಚ್ಚಾಯಿತು. ಉಬ್ಬಿದ ಬಿಸಿ ಜೋಳದ ರೊಟ್ಟಿ ನೇರ ತಟ್ಟೆಗೆ ಬಂತು. ಎಣ್ಣೆಗಾಯಿ, ಮಡಕೆಕಾಳು ಪಲ್ಯ, ಹಸಿ ಮೆಂತ್ಯ, ಉಳ್ಳಾಗಡ್ಡಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅದರ ಮೇಲೆ ಕೆನೆಮೊಸರು. ಎಣ್ಣೆಗಾಯಿಯ ಬದನೆ ಬೆರಳು ಮುಟ್ಟಿದರೆ ಬಿಡುತ್ತಿತ್ತು, ಆದರೂ ತೊಟ್ಟು ಗಟ್ಟಿ. ನಾನು ನಾಲ್ಕು ರೊಟ್ಟಿ ತಿಂದೆ. ಸಾಕು ಅಂದರೆ ಅಜ್ಜಿಗೆ ಸಿಟ್ಟು. ಕೊನೆಗೆ ಅನ್ನ, ಕಟ್ಟಿನ ಸಾರು. ಇಬ್ಬರಿಗೂ ಸೇರಿ ₹160. ಹಿಂದಿನ ರಾತ್ರಿ ಹುಬ್ಬಳ್ಳಿಯ ಎಸಿ ಹೋಟೆಲಿನಲ್ಲಿ ಒಂದು ಪನೀರ್ ಪಲ್ಯಕ್ಕೆ ಇದಕ್ಕಿಂತ ಜಾಸ್ತಿ ಕೊಟ್ಟಿದ್ದೆವು.

ಕೀಲಿ ಬಂದಿತ್ತು. ಮರದ ಕಂಬಗಳ ಪಡಸಾಲೆ, ತಂಪು. ಸವಾಯಿ ಗಂಧರ್ವರ ಗುರು ಅಬ್ದುಲ್ ಕರೀಂ ಖಾನರು ಹಾಡಿದ ಜಾಗ. ಸವಾಯಿ ಗಂಧರ್ವರ ಪುಣ್ಯತಿಥಿಗೆ ಈಗಲೂ ಇಲ್ಲಿ ರಾತ್ರಿಯಿಡೀ ಹಾಡುತ್ತಾರೆ. ಅಪ್ಪ ಕಂಬಕ್ಕೆ ಒರಗಿ ಸಣ್ಣಗೆ ಏನೋ ಗುನುಗಿದರು, ಶ್ರುತಿ ತಪ್ಪಿತ್ತು. ಕೀಲಿ ತಂದ ಹುಡುಗ ನಗಲಿಲ್ಲ, ಹೊರಗೆ ಹೋಗಿ ನಿಂತ. ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ.

ವಾಪಸ್ ಹೋಗುವ ಪ್ಯಾಸೆಂಜರ್ ಸಮಯವನ್ನು ಇಳಿದ ತಕ್ಷಣ ಸ್ಟೇಷನ್ನಿನಲ್ಲೇ ಕೇಳಿಟ್ಟುಕೊಳ್ಳಿ. ನಾವು ಕೇಳಿರಲಿಲ್ಲ. ಬಸ್ಸಿಗೆ ಬಂದೆವು. ಗುರೆಳ್ಳು ಚಟ್ನಿಯ ಪೊಟ್ಟಣ ಬ್ಯಾಗಿನೊಳಗೆ ಒಡೆದು, ಅಪ್ಪನ ಬಿಳಿ ಪಂಚೆ ಇನ್ನೂ ಸರಿಯಾಗಿಲ್ಲ. ಡಬ್ಬಿ ತಗೊಂಡು ಹೋಗಿ.