ನರ್ಸ್ ಅಲ್ಲ, ಅಜ್ಜಿ ಓಣಿಯವಳು
ಇಲ್ಲಿ ಬ್ರಿಟನ್‌ನಲ್ಲಿ ಮಗ ಹುಟ್ಟಿ ಹನ್ನೆರಡು ದಿನ. ಹೆಲ್ತ್ ವಿಸಿಟರ್, ಅಂದರೆ ಮನೆಮನೆಗೆ ಬರುವ ನರ್ಸ್, ಕೂಸಿನ ತೂಕ ನೋಡಿ ಕೆಂಪು ಪುಸ್ತಕದಲ್ಲಿ, ಅಂದರೆ ಕೂಸಿನ ಆರೋಗ್ಯ ದಾಖಲೆಯಲ್ಲಿ, ಬರೆಯುತ್ತಿದ್ದರು. ಏಳು ವರ್ಷದ ಮಗಳು ಪಕ್ಕದಲ್ಲಿ ನಿಂತು, "ನನ್ನನ್ನ ಆಶಾ ಅಕ್ಕ ಜೋಳಿಗೆಯಲ್ಲಿ ಹಾಕಿ ತೂಗಿದ್ದಳು" ಎಂದಳು. ಹೋದ ವರ್ಷ ಊರಲ್ಲಿ ಕೇಳಿದ ಕತೆ. ಆಶಾ ಅನ್ನೋದು ಆಕೆಯ ಹೆಸರಲ್ಲ, ಊರಿನ ಆರೋಗ್ಯ ಕಾರ್ಯಕರ್ತೆಯನ್ನ ಕರೆಯೋದು ಹಾಗೆ.

"ಆಕೆ ನಿಮ್ಮೂರಿನ ನರ್ಸಾ?"

"ಅಲ್ಲ, ನಮ್ಮ ಅಜ್ಜಿ ಓಣಿಯವಳು."

ಅವರು ನನ್ನ ಕಡೆ ತಿರುಗಿ, ಹಾಗಾದ್ರೆ ಸಂಬಳ ಯಾರು ಕೊಡ್ತಾರೆ ಅಂತ ಕೇಳಿದರು. ನನಗೆ ತಕ್ಷಣ ಮಾತು ಬರಲಿಲ್ಲ.

ಮೊದಲ ಬಾಣಂತನ ರೋಣ ತಾಲ್ಲೂಕಿನ ತವರಲ್ಲಿ ಆಗಿತ್ತು. 2018ರ ಮಳೆಗಾಲ. ಆಶಾ ಅಕ್ಕ ಹೊಲದ ಮನೆಗಳನ್ನೂ ಮುಗಿಸಿಕೊಂಡು, ಎರೆ ಮಣ್ಣು ಮೆತ್ತಿದ ಕಾಲಲ್ಲೇ ಬರುತ್ತಿದ್ದಳು. ಗುಲಾಬಿ ಸೀರೆ, ಹೆಗಲಿಗೆ ಚೀಲ. ಮೂರನೇ ದಿನ ಬಂದವಳೇ ಮೊದಲು ಕಿಟಕಿ ತೆಗೆದಳು. ಮಂಚದ ಕೆಳಗೆ ಅವ್ವ ಕೆಂಡ ಇಟ್ಟಿದ್ದಳು, ಕೋಣೆ ತುಂಬ ಹೊಗೆ.

"ಬಾಣಂತಿಗೆ ಗಾಳಿ ಹತ್ತತೈತಿ!" ಅಂತ ಅವ್ವ ರೇಗಿದಳು.

"ಅತ್ತಿ, ಕೂಸಿಗೆ ಉಸಿರಾಡಾಕ ಗಾಳಿ ಬೇಕಲ್ಲ?"

ಡಾಕ್ಟರ್ ಹೇಳಿದ್ದರೆ ಅವ್ವ ಕೇಳುತ್ತಿರಲಿಲ್ಲ. ಇವಳು ನಮ್ಮ ಓಣಿಯ ಸೊಸೆ, ಇಲ್ಲೇ ಎರಡು ಹೆತ್ತವಳು. ಕೆಂಡ ಹೊರಗೆ ಹೋಯಿತು.

ಹದಿನಾಲ್ಕನೇ ದಿನ ಕೂಸು ಸರಿಯಾಗಿ ಹಾಲು ಕುಡಿಯಲಿಲ್ಲ. ನಿದ್ದೆ ಅಂದುಕೊಂಡಿದ್ದೆ. ಆಕೆ ಅಂಗಿ ಸರಿಸಿ, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿದಳು. ಅರವತ್ತು ದಾಟಿತ್ತು. ಮತ್ತೊಮ್ಮೆ ಎಣಿಸಿದಳು. ಆಮೇಲೆ ಏನೂ ಮಾತಾಡದೆ 108ಕ್ಕೆ ಫೋನ್ ಮಾಡಿದಳು. ಗದಗಿನ ಆಸ್ಪತ್ರೆಯ ಬೆಂಚಿನ ಮೇಲೆ ಆ ರಾತ್ರಿ ನನ್ನ ಜೊತೆ ಕೂತಿದ್ದಳು. ಅವಳ ಮಕ್ಕಳು ಆ ರಾತ್ರಿ ಏನು ಉಂಡರೋ, ನಾನು ಕೇಳಲೇ ಇಲ್ಲ.

3, 7, 14, 21, 28, 42ನೇ ದಿನ. ಆ ಆರೂ ಭೇಟಿ ಮುಗಿಸಿದರೆ ಆಕೆಗೆ 250 ರೂಪಾಯಿ. 2005ರಲ್ಲಿ ಯೋಜನೆ ಶುರುವಾದಾಗಿನಿಂದ ಕಾಗದದಲ್ಲಿ ಆಶಾ ಅಂದರೆ ಸ್ವಯಂಸೇವಕಿ. ಸಾವಿರ ಜನಕ್ಕೆ ಒಬ್ಬಳು, ಕೆಲಸಕ್ಕಿಷ್ಟು ಅಂತ ಪ್ರೋತ್ಸಾಹಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರಿಗೆ ಪ್ರಶಸ್ತಿ ಕೊಟ್ಟಾಗ ಇಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. 2025ರ ಜನವರಿ ಚಳಿಯಲ್ಲಿ ಇವರು ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತಾಗ ಮಾತ್ರ ಫೋಟೋ ನೋಡಿ ಸುಮ್ನೆ ಫೋನ್ ಕೆಳಗಿಟ್ಟೆ. ನಮ್ಮೋಳು, ಮಾಡ್ತಾಳೆ ಬಿಡು ಅನ್ನೋ ಸಲುಗೆ ನನ್ನಲ್ಲೂ ಇತ್ತು. ನಮ್ಮೋಳು ಅಂದ್ರೆ ಜಾಸ್ತಿ ಕೊಡಬೇಕಿತ್ತು, ಅಲ್ವಾ?

ವಿಸಿಟರ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಪೆನ್ ಕೆಳಗಿಟ್ಟು, "ಉಸಿರು ಎಣಿಸಿದ್ದು ಆಕೆನೇನಾ?" ಎಂದು ಮತ್ತೆ ಕೇಳಿದರು.

ಅವರು ಹೋದ ಮೇಲೆ ಅವ್ವನಿಗೆ ಫೋನ್ ಮಾಡಿದೆ. ಅಲ್ಲಿ ದೀಪ ಹಚ್ಚೋ ಹೊತ್ತು. ಆಶಾ ಅಕ್ಕನ ಜೊತೆ ಮಾತಾಡಬೇಕು ಅಂದೆ.

"ಆಕಿ ಇನ್ನೂ ಬಂದಿಲ್ಲವ್ವ. ಹೊಲದ ಮನ್ಯಾಗ ಒಬ್ಬಾಕಿ ಬಾಣಂತಿ ಅದಾಳ, ಇವತ್ತ ಏಳನೇ ದಿನ."